ಹೊಳೆಯಾಚೆ ಬೆಳೆಯುತ್ತಿದ್ದ ಲಿಂಗ

ಮಂಡಿಪೇಟೆ

ನಮ್ಮ ಬೀದಿಯಲ್ಲಿ ಈಗ ಪರದೇಶ ನೋಡಿ ಬಂದವರಿಗೆ ಬರವಿಲ್ಲ. ಎದುರುಮನೆಯ ಹತ್ತಿ ವ್ಯಾಪಾರಿಗಳ ತಮ್ಮ ವಿಲಾಯಿತಿಗೆ ಹೋಗಿ ಬಂದು ಎಷ್ಟೋ ದಿನವಾಯಿತು, ಅಲ್ಲಿನ ಚಳಿಯ ಮಾತು ಮಾತ್ರ ಇನ್ನೂ ಮುಗಿದಿಲ್ಲ. ದಾವಣಗೆರೆಯ ಬೇಸಿಗೆಯಲ್ಲಿ ಕೋಟು ತೊಟ್ಟು ಕಟ್ಟೆಯ ಮೇಲೆ ಕೂತು ಮಂಜಿನ ಕಥೆ ಹೇಳುತ್ತಾರೆ. ಕೇಳಿ ಕೇಳಿ ನನಗೂ ರೋಸಿಹೋಯಿತು. ನಾನೇನು ಕಡಿಮೆ? ನಾನೂ ಪರದೇಶಕ್ಕೆ ಹೋಗಿ ಬಂದವಳೇ. ದಾವಣಗೆರೆಯಲ್ಲಿ ರೈಲು ಹತ್ತಿ, ಹರಿಹರದಲ್ಲಿ ಇಳಿದು, ತುಂಗಭದ್ರೆಯ ಸೇತುವೆ ದಾಟಿ ಹೋಗಿದ್ದೆ.

ನಗಬೇಡಿ. ಆಗಿನ್ನೂ ಕನ್ನಡನಾಡು ಒಂದಾಗಿರಲಿಲ್ಲ. ಹೊಳೆಯ ಈಚೆ ದಡ ಮೈಸೂರು, ಆಚೆ ದಡ ಮುಂಬಯಿ. ಸರ್ಕಾರ ಬೇರೆ, ಮಕ್ಕಳು ಓದುವ ಪುಸ್ತಕ ಬೇರೆ. ನಮ್ಮತ್ತೆಯ ಬಾಯಲ್ಲಂತೂ ಆಚೆ ದಡಕ್ಕಿದ್ದ ಹೆಸರು ಒಂದೇ, ಪರದೇಶ.

ಅತ್ತೆ ಗೌರಮ್ಮ ಪಕ್ಕದ ಆನೆಕೊಂಡದಲ್ಲಿ ಹುಟ್ಟಿ ಮಂಡಿಪೇಟೆಗೆ ಸೊಸೆಯಾಗಿ ಬಂದವರು. ಈ ಎರಡರ ನಡುವೆ ಪ್ರಪಂಚ ಮುಗಿಯುತ್ತದೆ ಎಂದು ಅವರ ನಂಬಿಕೆ. ಮಾಯಕೊಂಡಕ್ಕೆ ಹೋಗಬೇಕಾದರೂ ಹಿಂದಿನ ದಿನವೇ ಬುತ್ತಿ ಕಟ್ಟುತ್ತಿದ್ದರು. ಅಂಥವರ ಒಬ್ಬಳೇ ಮಗಳು ಗಿರಿಜೆಯನ್ನು ನಮ್ಮ ಮಾವನವರು ಹಟ ಹಿಡಿದು ಹೊಳೆಯಾಚೆಗೆ ಕೊಟ್ಟಿದ್ದರು. ಮಾವನವರು ತೀರಿಕೊಂಡ ಮೇಲೂ "ನಿಮ್ಮ ಮಾವ ನನ್ನ ಕೂಸನ್ನ ಪರದೇಶಕ್ಕೆ ಹಾಕಿ ತಾವು ಆರಾಮಾಗಿ ಹೋದ್ರು" ಎಂದು ದಿನಕ್ಕೊಮ್ಮೆಯಾದರೂ ಅನ್ನುವರು.

ಆ ವರ್ಷ ಕಾರ್ತಿಕದಲ್ಲಿ, ಹೊಳೆಯಾಚೆಯಿಂದ ನಮ್ಮ ಮಂಡಿಗೆ ಮೆಣಸಿನಕಾಯಿ ತಂದ ಗಾಡಿಯವನೊಬ್ಬ ಸುದ್ದಿ ಹೇಳಿದ. ಗಿರಿಜೆ ನಮ್ಮಲ್ಲಿ ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೋಗಿ ಸ್ವಲ್ಪ ದಿನವಾಗಿತ್ತು. ಅವಳನ್ನೂ ಕೂಸನ್ನೂ ಅವಳ ಮಾವ ಬಸಲಿಂಗಪ್ಪನವರು ಹಿತ್ತಲ ಕಡೆಯ ಹಳೆಯ ಕಲ್ಲುಕೋಣೆಯಲ್ಲಿ ಮಲಗಿಸುತ್ತಾರಂತೆ. ಆ ಕೋಣೆಯ ಕಮಾನು ಸೋರುತ್ತದಂತೆ. ಸೋರಿದ ನೀರು ಬಿದ್ದ ಕಡೆ ನೆಲದಲ್ಲಿ ಬಿಳಿಯ ಲಿಂಗವೊಂದು ತಾನಾಗಿ ಮೂಡಿ ವರ್ಷ ವರ್ಷ ಬೆಳೆಯುತ್ತಿದೆಯಂತೆ. ಅದರ ಬೆಳವಣಿಗೆ ನಿಂತೀತೆಂದು ಬೀಗರು ಚಾವಣಿಯನ್ನು ಯಾರಿಗೂ ಮುಟ್ಟಗೊಡುವುದಿಲ್ಲವಂತೆ. ಮೊನ್ನೆ ಕಮಾನಿನ ಒಂದು ಕಲ್ಲಿನ ಚಕ್ಕೆ ತೊಟ್ಟಿಲ ಪಕ್ಕದಲ್ಲೇ ಬಿತ್ತಂತೆ.

ಅತ್ತೆ ಅಲ್ಲಿಯೇ ಎದ್ದು ನಿಂತರು.

"ಲಿಂಗಕ್ಕೆ ಕೈ ಮುಗಿತೀನಿ, ಅದ್ರಾಗ ಎರಡು ಮಾತಿಲ್ಲ. ಆದ್ರ ಆ ಸೂರು ದುರಸ್ತಿ ಆಗ್ಬೇಕು. ಇಲ್ಲಾಂದ್ರ ಮಗಳು, ಕೂಸು ನನ್ ಜೊತಿಗೆ ಬರ್ಬೇಕು. ಎರಡರಾಗ ಒಂದು ಆಗದೆ ನಾ ವಾಪಸ್ ಹೊಳಿ ದಾಟಲ್ಲ."

ಬೀಗರ ಮಾತು ಮೀರಿ ಗಿರಿಜೆಯನ್ನು ಕರೆದುಕೊಂಡು ಬಂದರೆ ಆ ಮನೆಯ ಬಾಗಿಲು ಅವಳಿಗೆ ಮತ್ತೆ ತೆರೆದೀತೇ? ಅದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ನಮ್ಮ ಯಜಮಾನರಿಗೆ ಮಂಡಿ ಬಿಟ್ಟು ಬರಲಾಗದ ಸುಗ್ಗಿ. "ನೀನು ಜೊತಿಗೆ ಹೋಗು. ಅವ್ವನ ಬಾಯಿ ಸ್ವಲ್ಪ ಹಿಡ್ಕೊಂಡಿರು" ಎಂದು ನನ್ನನ್ನು ಕಳಿಸಿದರು. ಶ್ರಾವಣದ ತುಂಗಭದ್ರೆಯನ್ನು ಹಿಡಿದು ನಿಲ್ಲಿಸು ಅಂದಿದ್ದರೆ ಅದೇ ಸುಲಭವಾಗುತ್ತಿತ್ತು.

ರೈಲಿನಲ್ಲಿ

ಪರದೇಶ ಪ್ರಯಾಣದ ಮೊದಲ ಅಪಘಾತ ದಾವಣಗೆರೆ ಸ್ಟೇಷನ್ ಬಿಡುವ ಮೊದಲೇ ಆಯಿತು. ಗಂಟಿನಲ್ಲಿ ಮಂಡಕ್ಕಿ, ಒಣಕೊಬ್ಬರಿ, ತುಪ್ಪದ ಗಿಂಡಿ, ಮಗಳ ಮಡಿಲು ತುಂಬಲು ಅಕ್ಕಿ, ಕುಪ್ಪಸದ ಕಣ ಎಲ್ಲವೂ ಇದ್ದವು. ಎಲ್ಲಕ್ಕಿಂತ ಮೇಲೆ ಅತ್ತೆಯ ಎಲೆಅಡಿಕೆ ಸಂಚಿ. ರೈಲು ಜಗ್ಗಿದ ರಭಸಕ್ಕೆ ಸಂಚಿಯೊಳಗಿನ ಸುಣ್ಣದ ಡಬ್ಬಿಯ ಮುಚ್ಚಳ ಹಾರಿ, ಇದ್ದಬದ್ದ ಸುಣ್ಣವೆಲ್ಲ ಅವರ ಸೀರೆಯ ನಿರಿಗೆಗೆ ಬಳಿದುಕೊಂಡಿತು.

ನಮ್ಮತ್ತೆ ಊಟ ಬಿಟ್ಟಾರು, ಎಲೆಅಡಿಕೆ ಬಿಡರು. ಡಬ್ಬಿಯಲ್ಲಿ ಬೆರಳಾಡಿಸಿ ಬರಿಯ ತಗಡು ಸಿಕ್ಕಾಗ ಅವರ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಎದುರಿಗೆ ಕೂತಿದ್ದ ಹೆಂಗಸರನ್ನು ಕೇಳೋಣವೆಂದೆ. "ಕಂಡೋರ ಸುಣ್ಣ ಹಾಕ್ಕೊಂಡು ಬಾಯಿ ಸುಟ್ಕೊಳ್ಳಲೇನು? ಬ್ಯಾಡ" ಅಂದರು. ಹರಿಹರ ಬರುವವರೆಗೆ ಸುಣ್ಣವಿಲ್ಲದ ಬಾಯಿಯಿಂದ ನಮ್ಮ ಮಾವನವರಿಗೆ, ರೈಲಿಗೆ, ಮುಂಬಯಿ ಸರ್ಕಾರಕ್ಕೆ ಸಮನಾಗಿ ಬೈಗುಳ ಹಂಚಿದರು.

ಸೇತುವೆಯ ಕೆಳಗೆ

ಹರಿಹರದಲ್ಲಿ ಕರೀಂ ಸಾಬರೆಂಬುವರ ಜಟಕಾ ಸಿಕ್ಕಿತು. ಪೇಟೆಯಲ್ಲಿ ನಿಲ್ಲಿಸಿ ಸುಣ್ಣ ಕೊಳ್ಳೋಣವೆಂದರೆ ಅತ್ತೆ ಕೇಳಲಿಲ್ಲ, ಮೊದಲು ಮಗಳ ಮುಖ ನೋಡಬೇಕು. ಸೇತುವೆಯ ಬುಡಕ್ಕೆ ಬಂದದ್ದೇ ಕರೀಂ ಸಾಬರು ಕುದುರೆ ನಿಲ್ಲಿಸಿದರು.

"ಇಲ್ಲಿಗೆ ಮುಗೀತ್ರಿ ಅಮ್ಮಾರೆ. ನನ್ನ ಲೈಸನ್ಸ್ ಈ ಕಡಿಗೆ ಅಷ್ಟೇ. ಆ ಕಡಿ ಗಾಡಿ ಓಡಿಸಿದ್ರ ಕುದ್ರಿ ಸಮೇತ ಒಳಗ ಹಾಕ್ತಾರೆ."

"ಕುದುರಿ ಏನು ಮಾಡೈತಪ್ಪ ಪಾಪ?"

"ಅದು ಮೈಸೂರು ಕುದ್ರಿ ಅಲ್ಲೇನ್ರಿ."

ಇನ್ನು ಗಂಟು ಹೊತ್ತು ನಡೆಯುವುದೇ ಗತಿ. ಪರದೇಶಕ್ಕೆ ಕಾಲಿಡುವ ಮೊದಲು ಕಾಲುಮುಖ ತೊಳೆದು ಗಂಗಮ್ಮನಿಗೆ ಹೂ ಹಾಕಬೇಕೆಂದು ಅತ್ತೆ ದಡಕ್ಕೆ ಇಳಿದರು. ಸೇತುವೆಯ ಮೊದಲ ಕಮಾನು ಒಣದಡದ ಮೇಲೆಯೇ ನಿಂತಿದೆ. ಹಿಂದಿನ ದಿನ ಹಿಂಗಾರು ಮಳೆ ಚೆನ್ನಾಗಿ ಹೊಡೆದಿತ್ತು. ಬಿಸಿಲು ತಪ್ಪಿಸಿಕೊಳ್ಳಲು ಕಮಾನಿನ ಕೆಳಗೆ ನಿಂತವರ ನೆತ್ತಿಗೆ ತೊಟ್ಟೊಂದು ಟಪ್ಪನೆ ಬಿತ್ತು. ಮೇಲೆ ನೋಡಿದೆವು. ಕಲ್ಲು ಕಲ್ಲಿನ ಸಂದಿನಿಂದ ಬಿಳಿಯ ಕಡ್ಡಿಗಳು ಸಾಲಾಗಿ ಇಳಿಬಿದ್ದಿದ್ದವು, ಕೋಲಿನ ಮೇಲೆ ಒಣಹಾಕಿದ ಶಾವಿಗೆಯ ಹಾಗೆ. ಒಂದೊಂದರ ತುದಿಯಲ್ಲೂ ಒಂದೊಂದು ಹನಿ. ಹನಿ ಬೀಳುವ ಕಡೆ, ಕೆಳಗಿನ ಬಂಡೆಯ ಮೇಲೆ, ನುಣ್ಣಗೆ ಬೆಳ್ಳಗೆ ಗುಂಡಗೆ ಪುಟ್ಟ ಪುಟ್ಟ ಲಿಂಗಗಳು.

ಅತ್ತೆಗೆ ಮೈ ಜುಮ್ಮೆಂದಿತು. ಚಪ್ಪಲಿ ಬಿಟ್ಟು ದೂರವಿಟ್ಟರು. ಗಂಟಿನಿಂದ ವಿಭೂತಿ ತೆಗೆದು ಮೊದಲನೆಯದಕ್ಕೆ ಮೂರು ಬೆರಳು ಎಳೆದು ಹೂವಿಟ್ಟರು. ಪಕ್ಕದಲ್ಲಿದ್ದವನಿಗೆ ಬೇಜಾರಾದೀತೆಂದು ಅವನಿಗೂ ಹಚ್ಚಿದರು. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಒಂದು ಸಾಲು. ಹೂ ಮುಗಿಯಿತು. ವಿಭೂತಿಯ ಗಟ್ಟಿಯೂ ಸವೆಯತೊಡಗಿತು. ನನಗೋ ಹೊಟ್ಟೆ ಚುರುಗುಟ್ಟುತ್ತಿತ್ತು.

"ಇದೇನೇ ಪಾರ್ವತಿ, ಎಷ್ಟು ಮಂದಿ ಅದಾರೆ ಇಲ್ಲಿ" ಎಂದು ಸೊಂಟ ಹಿಡಿದುಕೊಂಡು ಎದ್ದರು.

ದಡದ ಮೇಲೆ ಕುದುರೆಗೆ ಹುಲ್ಲು ಹಾಕುತ್ತಿದ್ದ ಕರೀಂ ಸಾಬರು ಅಲ್ಲಿಂದಲೇ ಹೇಳಿದರು: "ಎಲ್ಲಾ ಕಮಾನಿನ ಕೆಳಗೂ ಅದಾವ್ರಿ ಅಮ್ಮಾರೆ. ನೀವು ಒಬ್ಬೊಬ್ರನ್ನೇ ಮಾತಾಡಿಸ್ಕೊಂಡು ಹೊಂಟ್ರ ಸಂಜಿ ಆಗ್ತದೆ."

ಅತ್ತೆ ಮತ್ತೆ ಕೂರಲಿಲ್ಲ. ಏನೋ ಯೋಚನೆ ಹತ್ತಿತ್ತು. ಮೇಲಿನಿಂದ ಮುರಿದು ಬಿದ್ದಿದ್ದ ಒಂದು ಕಡ್ಡಿಯನ್ನು ಎತ್ತಿಕೊಂಡರು. ಅದು ಒಳಗೆ ಟೊಳ್ಳು. ಬೆರಳಿನಲ್ಲಿ ಹಿಸುಕಿದರೆ ಬಿಳಿಯ ಪುಡಿ. ಆ ಪುಡಿ ನೋಡಿದ್ದೇ, ಬೆಳಗಿನಿಂದ ಒಣಗಿದ್ದ ಬಾಯಿಗೆ ಆಸೆ ಹುಟ್ಟಿರಬೇಕು. "ಸುಣ್ಣಾನೇ ಇದು. ನೋಡು, ಶಿವ ಕೊಟ್ಟ" ಎಂದರು. ನಾನು ಬೇಡ ಬೇಡವೆನ್ನುತ್ತಿದ್ದ ಹಾಗೆಯೇ ಎಲೆಗೆ ಅದನ್ನು ಉದುರಿಸಿ, ಅಡಿಕೆಯಿಟ್ಟು ಮಡಿಚಿ ಬಾಯಿಗೆ ಹಾಕಿಕೊಂಡರು. ಚೆನ್ನಾಗಿ ಅಗಿದರು. ಆಮೇಲೆ ನನ್ನ ಮುಂದೆ ನಾಲಗೆ ಚಾಚಿದರು.

"ಕೆಂಪಾಯ್ತೇನೇ?"

"ಇಲ್ರಿ ಅತ್ತೆ. ಆಡು ಸೊಪ್ಪು ಮೆಂದಂಗೈತೆ."

ಉಗಿದು ಬಾಯಿ ಮುಕ್ಕಳಿಸಿದರು. "ಬಣ್ಣ ಐತೆ, ಉರಿ ಇಲ್ಲ. ಡಬ್ಬಿ ಮುಚ್ಚಳ ತೆಗೆದಿಟ್ರ ನಾಕು ದಿನಕ್ಕೆ ಆಗ್ತದಲ್ಲ, ಹಂಗೆ. ಸತ್ತ ಸುಣ್ಣ ಇದು."

ಹಾಗೆಂದವರು ಕಮಾನಿನ ಗೋಡೆಯ ಹತ್ತಿರ ಹೋಗಿ, ನೀರಿಳಿಯುವ ಒಂದು ಸಂದಿಗೆ ಕಿರುಬೆರಳು ಹಾಕಿ ನೋಡಿದರು. ಗಾರೆ ಸ್ವಲ್ಪ ಒಳಸರಿದಿತ್ತು. ಪಕ್ಕದ ಒಣಗಿದ ಸಂದಿನಲ್ಲಿ ಗಾರೆ ಕಲ್ಲಿನ ಸಮಕ್ಕೆ ಗಟ್ಟಿಯಾಗಿತ್ತು. ಬೆರಳನ್ನು ಒಮ್ಮೆ, ಕೆಳಗಿನ ಬಿಳಿಯ ಗುಂಡುಗಳನ್ನು ಒಮ್ಮೆ ನೋಡಿದರು. ಸೇತುವೆಗೇನು, ಆನೆಯಂಥ ಕಲ್ಲು, ಆಗಾಗ ಗಾರೆ ತುಂಬುವ ಜನವಿದ್ದಾರೆ. ಬೀಗರ ಕೋಣೆಗೆ ಯಾರಿದ್ದಾರೆ? ಇದನ್ನು ಅತ್ತೆ ಬಾಯಿಬಿಟ್ಟು ಹೇಳಲಿಲ್ಲ. ಗಂಟು ಎತ್ತಿಕೊಂಡು ನನಗಿಂತ ಮುಂದೆ ಬಿರಬಿರನೆ ನಡೆದರು.

ಗಡಿ

ಸೇತುವೆಯ ಆಚೆ ತುದಿಯಲ್ಲಿ ನಾಕಾ, ಅಂದರೆ ಕಾವಲು ಚೌಕಿ. ದವಸಧಾನ್ಯ ಒಂದು ಸೀಮೆಯಿಂದ ಇನ್ನೊಂದಕ್ಕೆ ಸಾಗಿಸಬಾರದೆಂಬ ಕಟ್ಟುನಿಟ್ಟಿನ ಕಾಲವದು. ಕಾವಲಿನವನು ಮೀಸೆಯ ಆಳು.

"ಗಂಟಿನ್ಯಾಗ ಏನೈತ್ರಿ ಯವ್ವಾ? ಅಕ್ಕಿ ಇದ್ರ ದಾಟಸಾಕ ಬರೂದಿಲ್ಲ ನೋಡ್ರಿ."

ಅತ್ತೆ ಗಂಟನ್ನು ಅವನ ಮುಂದೆಯೇ ಬಿಚ್ಚಿದರು.

"ಅಕ್ಕಿ ಅಲ್ಲಪ್ಪ, ಮಡಿಲಕ್ಕಿ. ಮಗಳ ಉಡಿಗೆ ಹಾಕೋದು. ನಿಮ್ಮ ಸರ್ಕಾರದಾಗ ತಾಯಂದಿರು ಯಾರೂ ಇಲ್ಲೇನು?"

ಅವನು ಅಕ್ಕಿಯ ಮೇಲಿದ್ದ ಅರಿಶಿನದ ಕೊಂಬು, ಕೊಬ್ಬರಿ ಬಟ್ಟಲು, ಹಸಿರು ಕಣ ಎಲ್ಲವನ್ನೂ ನೋಡಿದ. ಒಂದು ಕ್ಷಣ ಮೀಸೆ ತೀಡಿದ. ಆಮೇಲೆ ತಾನೇ ಕುಕ್ಕರುಗಾಲಲ್ಲಿ ಕೂತು ಗಂಟನ್ನು ಬಿಗಿಯಾಗಿ ಕಟ್ಟಿ ಕೊಟ್ಟ. "ಸಡ್ಲ ಕಟ್ಟೀರಿ. ಹಾದ್ಯಾಗ ಚೆಲ್ಲೀತು, ಜ್ವಾಕಿ" ಎಂದ. ವಿಲಾಯಿತಿಗೆ ಹೋದವರ ಗಂಟನ್ನು ಅಲ್ಲಿನ ಸುಂಕದವರು ಹೀಗೆ ಕಟ್ಟಿಕೊಡುತ್ತಾರೆಯೇ? ಎದುರುಮನೆಯವರನ್ನು ಒಮ್ಮೆ ಕೇಳಬೇಕು.

ಬೀಗರ ಮನೆ

ದಡ ಹತ್ತಿದರೆ ಬೀಗರ ಊರು. ಬಸಲಿಂಗಪ್ಪನವರು ಬಾಗಿಲಲ್ಲೇ ಕಾಲಿಗೆ ನೀರು ಹಿಡಿದುಕೊಂಡು ಬಂದರು. ಎತ್ತರದ ಆಳು, ಕೆಂಪು ತುಟಿ. ಅವರೂ ನಮ್ಮತ್ತೆಯಷ್ಟೇ ಎಲೆಅಡಿಕೆಯ ಭಕ್ತರು. "ಬರ್ರಿ ಬೀಗತ್ಯಾರ, ಬರ್ರಿ ತಂಗಿ, ಹೊಳಿ ದಾಟಿ ಬಂದ್ರಿ, ನಮ್ಮ ಪುಣ್ಯ" ಎಂದು ಮನೆಯೆಲ್ಲ ಓಡಾಡಿದರು. ಗಿರಿಜೆಯ ಗಂಡ, ನಮ್ಮ ಅಳಿಯಂದಿರು, ಮೂಲೆಯಲ್ಲಿ ನಿಂತು ನಕ್ಕರು. ತಂದೆಯ ಎದುರು ಅವರಿಗೆ ಅಷ್ಟೇ ಮಾತು.

ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ನಮ್ಮಲ್ಲೂ ಅದೇ ಜೋಳ, ಅದೇ ರೊಟ್ಟಿ. ಆದರೂ ಅತ್ತೆ ಎರಡು ತುತ್ತು ತಿಂದು ನನ್ನ ಕಿವಿಯಲ್ಲಿ "ನೀರು ಬ್ಯಾರೆ ಐತೆ, ಗೊತ್ತಾಗ್ತದೆ" ಅಂದರು. ನೀರು ಅದೇ ಹೊಳೆಯದು.

ಗಿರಿಜೆ ಬಡಿಸಿದಳು. ಕಣ್ಣ ಕೆಳಗೆ ಕಪ್ಪು. ನಮ್ಮನೆಯಲ್ಲಿ ಮಾತಿನ ಮಲ್ಲಿಯಾಗಿದ್ದವಳು ಕೇಳಿದ್ದಕ್ಕೆಲ್ಲ "ಆರಾಮ ಅದೀನಿ" ಎನ್ನುವಳು. ನನಗೆ ಅವಳನ್ನು ಹಾಗೆ ನೋಡಿ ಸಂಕಟವಾಯಿತು.

ಊಟವಾದ ಮೇಲೆ ಬಸಲಿಂಗಪ್ಪನವರು ತಾವೇ ಕೋಣೆ ತೋರಿಸಲು ಕರೆದೊಯ್ದರು. ಹೊಳೆಗೆ ಸೇತುವೆ ಕಟ್ಟಿದ ಕಾಲದಲ್ಲಿ, ಅಲ್ಲಿ ಉಳಿದ ಕಲ್ಲುಸುಣ್ಣದಿಂದ, ಅಲ್ಲಿನ ಗಾರೆಯವರಿಂದಲೇ ಅವರ ಅಜ್ಜ ಕಟ್ಟಿಸಿದ ಉಗ್ರಾಣವಂತೆ ಅದು. ಅದಕ್ಕೇ ಸೇತುವೆಯಂತೆಯೇ ಕಮಾನು. ಕಮಾನಿನ ನಡುವೆ ಬಿಳಿಯ ಕಡ್ಡಿಗಳ ಗೊಂಚಲು, ಅದರ ನೇರ ಕೆಳಗೆ ಮೊಳಕಾಲೆತ್ತರದ ಲಿಂಗ. ಸೇತುವೆಯ ಕೆಳಗಿನವರೆಲ್ಲ ಇದರ ಮರಿಗಳಂತೆ ಅನ್ನಿಸಿತು. ಎಷ್ಟೋ ವರ್ಷದ ಗಂಧ, ವಿಭೂತಿ, ದೀಪದ ಬೆಳಕಿನಲ್ಲಿ ಅದು ನಿಜಕ್ಕೂ ಚೆಂದವಾಗಿತ್ತು. ನಾನೂ ಕೈ ಮುಗಿದೆ. ಅದರಿಂದ ಎರಡು ಮಾರು ದೂರದಲ್ಲಿ ತೊಟ್ಟಿಲು.

"ಪ್ರತಿ ಶಿವರಾತ್ರಿಗೆ ದಾರಾ ಹಿಡದು ಅಳೀತೇನ್ರಿ" ಎಂದರು ಬಸಲಿಂಗಪ್ಪನವರು. "ಇದು ಬೆಳದಂಗ ನಮ್ಮ ಮನಿ ಬೆಳದೈತಿ. ಇಷ್ಟು ದಿನಾ ನಾನ ಇಲ್ಲಿ ಮಲಗ್ತಿದ್ದೆ. ಕೂಸು ಬಂದ ಮ್ಯಾಲ ಬಿಟ್ಟುಕೊಟ್ಟೆ. ಶಿವನ ಕಣ್ಣಮುಂದ ಇರ್ಲಿ. ಈ ಮನ್ಯಾಗ ಇದಕ್ಕಿಂತ ಚಲೋ ಜಾಗಾ ಇಲ್ರಿ."

"ಕಲ್ಲು ಬಿತ್ತಂತಲ್ರಿ?" ಎಂದೆ ನಾನು.

"ಬಿತ್ರಿ. ತೊಟ್ಟಿಲ ಬಿಟ್ಟು ಬಾಜೂಕ ಬಿತ್ತು. ಹಂಗ ಸರಿಸಿದವ್ರು ಯಾರು ಹೇಳ್ರಿ?"

ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ತನ್ನ ಹಾಸಿಗೆ ಬಿಟ್ಟುಕೊಟ್ಟ ಮನುಷ್ಯನ ಹತ್ತಿರ ಹೇಗೆ ಜಗಳವಾಡುವುದು? ಅತ್ತೆ ಲಿಂಗಕ್ಕೆ ಹಣೆಯಿಟ್ಟು ಎದ್ದು, ಕಮಾನನ್ನು ಮೂಲೆಯಿಂದ ಮೂಲೆಯವರೆಗೆ ನೋಡಿ, ಹೊರಗೆ ಬಂದರು.

ಮರುದಿನ, ಎಲೆಅಡಿಕೆ

ಮರುದಿನ ಊಟದ ನಂತರ ಪಡಸಾಲೆಯಲ್ಲಿ ಎಲೆಯ ತಟ್ಟೆ ಬಂತು. ಅತ್ತೆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು, "ಇವತ್ತು ಬೀಗರಿಗೆ ನಾನೇ ಮಡಿಚಿ ಕೊಡ್ತೀನಿ" ಎಂದರು. ಬೀಗತಿ ಮಡಿಚಿ ಕೊಟ್ಟ ಎಲೆಯನ್ನು ಬೇಡವೆನ್ನುವವರುಂಟೇ? ಬಸಲಿಂಗಪ್ಪನವರು ಸಂತೋಷದಿಂದ ಬಾಯಿಗೆ ಹಾಕಿಕೊಂಡರು. ಅಗಿದರು, ಇನ್ನಷ್ಟು ಅಗಿದರು. ಅಂಗಳಕ್ಕೆ ಹೋಗಿ ಉಗಿದು ನೋಡಿಕೊಂಡು, ಹುಬ್ಬು ಗಂಟಿಕ್ಕಿ ಬಂದರು.

"ಸುಣ್ಣಾ ಹಚ್ಚೂದು ಮರತ್ರೇನ್ರಿ ಬೀಗತ್ಯಾರ?"

"ಹಚ್ಚೀನ್ರಿ. ನಿಮ್ಮ ಮನೀದೇ. ಕಮಾನಿನ ಮೂಲಿಯಾಗ ಉದುರಿ ಬಿದ್ದಿತ್ತು."

ಅಳಿಯಂದಿರು ಗೋಡೆ ನೋಡಿದರು. ಗಿರಿಜೆ ಬಾಗಿಲ ಸಂದಿಯಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಈಗ ಬೀಗರು ಎದ್ದು ಹೋದರೆ ಎಲ್ಲ ಮುಗಿಯಿತು, ಹುಡುಗಿಯನ್ನು ನಮ್ಮ ದಡಕ್ಕೆ ಕರೆದುಕೊಂಡು ಹೋಗುವುದೊಂದೇ ಉಳಿಯುವ ದಾರಿ ಎಂದುಕೊಂಡೆ.

"ಸಿಟ್ಟಾಗಬ್ಯಾಡ್ರಿ" ಎಂದರು ಅತ್ತೆ. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಸುಣ್ಣ ಸತ್ತೈತೆ ಬೀಗರೆ. ನಿಮ್ಮ ಬಾಯೇ ಹೇಳ್ತು. ಜೀವ ಇರೋತನ ಅದು ಕಲ್ಲು ಕಚ್ಚಿ ಹಿಡೀತದೆ. ನೀರು ಅದನ್ನ ತೊಳೆದು ತೊಳೆದು ಕೆಳಗೆ ಕುಂದ್ರಿಸೈತೆ. ಕೆಳಗೆ ಒಂದು ಬೆರಳು ಬೆಳೆದ್ರ ಮ್ಯಾಲೆ ಒಂದು ಬೆರಳು ಖಾಲಿ ಆದಂಗೆ."

ಬಸಲಿಂಗಪ್ಪನವರು ಕೇಳಿದರು: "ಅಂದ್ರ ಅದು ಶಿವ ಅಲ್ಲಂತೀರೇನು?"

"ನಾ ಹಂಗಂದೆನಾ? ಶಿವ ಅಲ್ದಿದ್ರ ಬರೇ ಕಲ್ಲು ಇಷ್ಟು ದಿನ ಹೆಂಗೆ ನಿಂತಿರ್ತಿದ್ವು? ಆದ್ರ ಎಷ್ಟು ವರ್ಷ ಅಂತ ಅವನ ಕೈಲೇ ಸೂರು ಹಿಡಿಸ್ತೀರಿ? ನೀರು ಬೇಕಂದ್ರ ಮ್ಯಾಲೊಂದು ತಾಮ್ರದ ಧಾರಾಪಾತ್ರಿ ಕಟ್ರಿ. ತೂತಿನಿಂದ ಹನಿ ಬೀಳ್ತಾ ಇರ್ಲಿ. ಅವನಿಗೆ ಸೋರೋ ನೀರೇ ಬೇಕಂತ ಹಟ ಐತೇನು?"

"ಬೆಳಿಯೂದು ನಿಂತ್ರ?"

ದೊಡ್ಡ ಮನುಷ್ಯ ಚಿಕ್ಕ ಹುಡುಗನ ಹಾಗೆ ಕೇಳಿದರು.

"ನನ್ನ ಮಗಳೂ ಬೆಳೆಯೋದು ನಿಂತ ಮ್ಯಾಲೇ ನಿಮ್ಮ ಮನೀಗೆ ಬಂದಾಳ" ಎಂದರು ಅತ್ತೆ. "ನಿಂತ್ಲು ಅಂತ ನೀವು ಕಡಿಮಿ ನೋಡ್ಕೊಂಡ್ರೇನು?"

ಬಸಲಿಂಗಪ್ಪನವರು ರುಮಾಲು ಎತ್ತಿಕೊಂಡು ಹೊರಗೆ ಹೋದರು. ಮಧ್ಯಾಹ್ನವೆಲ್ಲ ಬರಲಿಲ್ಲ. ಅತ್ತೆ ಮಗಳ ಬಟ್ಟೆ ಯಾವುವು, ಕೂಸಿನವು ಯಾವುವು ಎಂದು ನೋಡತೊಡಗಿದ್ದರು. ದೀಪ ಹಚ್ಚುವ ಹೊತ್ತಿಗೆ ಬೀಗರು ಬಂದರು. ಹರಿಹರದ ಪೇಟೆಗೆ ಹೋಗಿದ್ದರಂತೆ. ಕಂಕುಳಲ್ಲಿ ಹೊಸ ತಾಮ್ರದ ಪಾತ್ರೆ, ತಳದಲ್ಲಿ ಕಂಚುಗಾರ ಕೊರೆದ ಸಣ್ಣ ತೂತು. "ಗಾರೆಯವ್ರು ನಾಳಿ ಮುಂಜಾನೆ ಬರ್ತಾರ" ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದರು. ಆ ಸಂಜೆಯೇ ತೊಟ್ಟಿಲು ಪಡಸಾಲೆಗೆ ಬಂತು.

ಕಮಾನು ಬಿಚ್ಚಿದ ದಿನ

ಲಿಂಗದ ಸುತ್ತ ಹಲಗೆ ನಿಲ್ಲಿಸಿ, ಮೇಲೆ ಹುಲ್ಲು, ಗೋಣಿ ಹೊದಿಸಿ, ಕಮಾನಿಗೆ ಕೆಳಗಿನಿಂದ ಮರದ ಆಸರೆ ಕೊಟ್ಟು ಕೆಲಸ ಶುರು ಮಾಡಿದರು. ನಾವೆಲ್ಲ ಅಂಗಳದಲ್ಲಿ ನಿಂತು ನೋಡಿದೆವು. ಚಾವಣಿಯ ಮೇಲೆ ಹತ್ತಿದ ಗಾರೆಯವನು ಸಂದಿಗೆ ಹಾರೆ ಹಾಕಲು ಹೋದ. ಹಾರೆ ಬೇಕಾಗಲಿಲ್ಲ. 

ಬುಟ್ಟಿಯಿಂದ ರೊಟ್ಟಿ ತೆಗೆದಂತೆ ಕಲ್ಲನ್ನು ಬರಿಗೈಯಲ್ಲಿ ಎತ್ತಿಟ್ಟ. ಇನ್ನೊಂದು ಎತ್ತಿದ. ಅದರ ಪಕ್ಕದ್ದೂ ಹಾಗೆಯೇ ಬಂತು. ನಡುವೆ ಗಾರೆಯೆಂಬುದೇ ಇರಲಿಲ್ಲ, ಒಂದಿಷ್ಟು ಮಣ್ಣು, ಬೇರು, ಹಸಿ. ಆ ಕಲ್ಲುಗಳು ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು, ಅಷ್ಟೇ. ಸ್ವಲ್ಪ ಹೊತ್ತಿಗೆ ಕೋಣೆಯೊಳಗೆ ಬಿಸಿಲು ಬಿತ್ತು. ಬಾಗಿಲಿನಿಂದ ನೋಡಿದರೆ ತೊಟ್ಟಿಲಿದ್ದ ಜಾಗದ ಮೇಲೆ ಆಕಾಶ ಕಾಣಿಸಿತು.

ಬಸಲಿಂಗಪ್ಪನವರು ಅಲ್ಲಿಯೇ ಕಟ್ಟೆಯ ಮೇಲೆ ಕುಸಿದು ಕೂತರು. ಬಾಯಲ್ಲಿದ್ದ ಎಲೆಯನ್ನು ಅಗಿಯುವುದೂ ಮರೆತಿದ್ದರು. ಆ ತೂತನ್ನು ನೋಡಿ ಸೊಸೆಯ ಕಡೆ ತಿರುಗಿದರು.

"ಯವ್ವಾ ಗಿರಿಜಾ, ಮನ್ಯಾಗಿನ ಚಲೋ ಜಾಗಾ ನಿನಗ ಕೊಟ್ಟೇನಿ ಅಂತ ತಿಳಕೊಂಡಿದ್ದೆ ನಾ."

"ಗೊತ್ತಿತ್ರಿ ಮಾವಾರ. ಅದಕ್ಕ ನಾ ಒಲ್ಲೆ ಅನಲಿಲ್ಲ" ಎಂದಳು ಗಿರಿಜೆ. ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, ಮಾಮೂಲಿ ದನಿಯಲ್ಲೇ ಮುಂದುವರಿಸಿದಳು. "ರಾತ್ರಿ ಕೂಸನ್ನ ತೊಟ್ಟಿಲದಾಗ ಹಾಕ್ತಿರಲಿಲ್ರಿ. ಬಗಲಾಗ ಮಲಗಿಸ್ಕೊಂಡು, ಅದರ ಮ್ಯಾಲ ನಾ ಅಡ್ಡ ಬಗ್ಗಿ ಮಲಗ್ತಿದ್ದೆ. ಬಿದ್ರ ನನ್ನ ಬೆನ್ನಿಗೆ ಬೀಳ್ಲಿ ಅಂತ."

ನಾನು ಅತ್ತೆಯನ್ನು ನೋಡಿದೆ. ದಾವಣಗೆರೆಯಿಂದ ಇಲ್ಲಿಯವರೆಗೆ ಒಂದು ಕ್ಷಣ ಬಿಡುವು ಕೊಡದ ಬಾಯಿ ಅದು. ಈಗ ಅವರು ಏನೂ ಅನ್ನಲಿಲ್ಲ. ಮಗಳ ಹಿಂದೆ ಹೋಗಿ ನಿಂತು, ಸೆರಗಿನ ಮೇಲಿನಿಂದ ಅವಳ ಬೆನ್ನು ಸವರುತ್ತಲೇ ಇದ್ದರು.